ಪ್ಲೇಯರ್ ಹೋಲಿಸುವ ಮುನ್ನ ಲೆವೆಲ್ ಸರಿಮಾಡಿ

ಲಕ್ಷಗಟ್ಟಲೆ ಕೊಟ್ಟು ಡಿಜಿಟಲ್ ಆಡಿಯೊ ಪ್ಲೇಯರ್ ಕೊಳ್ಳಲು ಹೊರಟವರಿಗೆ ನಾನು ಹೇಳುವುದು ಒಂದೇ ಮಾತು. ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ಇಡಿ, ಎರಡರ ಲೆವೆಲ್, ಅಂದರೆ ಸದ್ದಿನ ಮಟ್ಟ, ಒಂದೇ ಮಾಡಿ, ಯಾವುದು ನುಡಿಯುತ್ತಿದೆ ಎಂದು ಕಣ್ಣಿಗೆ ಗೊತ್ತಾಗದಂತೆ ಕೇಳಿ. ಆಮೇಲೂ ಹೊಸದೇ ಚೆನ್ನ ಎನಿಸಿದರೆ ಸಂತೋಷವಾಗಿ ದುಡ್ಡು ಕೊಡಿ.

ನಾನು ರೇಡಿಯೊ ನಿಲಯದ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೊರಗಿನ ಕಛೇರಿಯೊಂದರ ನೇರ ಪ್ರಸಾರವಿದ್ದರೆ ಮೊದಲು ಲೈನಿನ ಆ ತುದಿಯಿಂದ ಒಂದು ಕಿಲೋಹರ್ಟ್ಸ್ ಟೋನ್ ಬರಬೇಕು, ಈ ತುದಿಯಲ್ಲಿ ವಿಯು ಮೀಟರಿನ ಮುಳ್ಳು ಗುರುತಿನ ಮೇಲೆ ನಿಲ್ಲಬೇಕು. ಅಲ್ಲಿಯತನಕ ಮೈಕು ಸರಿಯಿದೆಯೇ, ಮೃದಂಗ ಮುಂದೆ ಬಂತೇ ಎಂಬ ಮಾತೇ ಇಲ್ಲ. ಈ ಶಿಸ್ತು ಮನೆಯಲ್ಲಿ ಸಂಗೀತ ಕೇಳುವವರಿಗೂ ಬೇಕು ಎಂದು ಈಗೀಗ ಬಲವಾಗಿ ಅನ್ನಿಸುತ್ತಿದೆ. ಸಂಬಳ ಬರತೊಡಗಿದ ಮೇಲೆ ಒಳ್ಳೆಯ ಸಂಗೀತವನ್ನು ಒಳ್ಳೆಯ ರೀತಿಯಲ್ಲಿ ಕೇಳಬೇಕೆಂದು ಹಂಬಲಿಸುವ ಹುಡುಗ ಹುಡುಗಿಯರು ನಮ್ಮ ಮೈಸೂರು, ಬೆಂಗಳೂರುಗಳಲ್ಲಿ ಬಹಳ ಮಂದಿ ಇದ್ದಾರೆ. ಅದು ತುಂಬ ಒಳ್ಳೆಯ ಹಂಬಲ. ಅದರ ಹಿಂದೆ ಇಎಂಐ ಸಾಲವೂ ಬರುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಸೋನಿಯವರು ವಾಕ್‌ಮನ್ ಹೆಸರಿನಲ್ಲೇ ಚಿನ್ನದ ಲೇಪವಿರುವ ತಾಮ್ರದ ಮೈಯ ಪ್ಲೇಯರ್ ಮಾಡುತ್ತಾರೆ, ಜೇಬಿನಲ್ಲಿಟ್ಟರೆ ಸುಮಾರು ಅರ್ಧ ಕೆಜಿ ತೂಗುತ್ತದೆ. ಮನೆಯಲ್ಲಿಡುವ ಯಂತ್ರಗಳಿಗೆ ಬಂದರೆ ಇಂಗ್ಲೆಂಡಿನ ಡಿಸಿಎಸ್, ಕಾರ್ಡ್, ಜಪಾನಿನ ಎಸೊಟೆರಿಕ್ ಮುಂತಾದವುಗಳ ಬೆಲೆ ಲಕ್ಷಗಳಲ್ಲಿ ಶುರುವಾಗಿ ಎಲ್ಲಿಗೋ ಹೋಗುತ್ತದೆ. ಇವು ಅಚ್ಚುಕಟ್ಟಾದ ಕೆಲಸ. ಬಿಚ್ಚಿ ನೋಡಿದರೆ ಬೆಸುಗೆ, ಪವರ್ ಸಪ್ಲೈ, ಲೋಹದ ಕೆತ್ತನೆ ಎಲ್ಲದರಲ್ಲೂ ಶ್ರದ್ಧೆ ಕಾಣುತ್ತದೆ. ಅಂಥ ವಸ್ತು ಮನೆಯಲ್ಲಿರಬೇಕು ಎಂದು ಆಸೆಪಟ್ಟವರನ್ನು ನಾನು ಆಕ್ಷೇಪಿಸುವುದಿಲ್ಲ. ನನ್ನ ಆಕ್ಷೇಪವಿರುವುದು ಅವನ್ನು ಹೋಲಿಸಿ ಮಾರುವ ಬಗೆಗೆ. ಒಂದು ಯಂತ್ರದಲ್ಲಿ ಹಾಡು ಕೇಳಿಸುತ್ತಾರೆ, ತಂತಿ ಬದಲಿಸುತ್ತಾರೆ, ಎರಡನೆಯದರಲ್ಲಿ ಕೇಳಿಸುತ್ತಾರೆ, ಮುಸುಕು ಸರಿದಂತಾಯಿತಲ್ಲವೇ ಎನ್ನುತ್ತಾರೆ. ಸರಿದಂತೆ ಆಗಿರುತ್ತದೆ, ನಿಜ. ಯಾಕೆ ಆಯಿತು ಎಂಬುದನ್ನು ಯಾರೂ ಅಳೆದಿರುವುದಿಲ್ಲ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಎಂಜಿನಿಯರ್. ಮೊನ್ನೆಯ ದಸರಾಕ್ಕೆ ಬಂದಾಗ ಒಂದು ಅಂಗಡಿಯಿಂದ ವಾರದ ಮಟ್ಟಿಗೆ ಪಡೆದಿದ್ದ ಎರಡು ಪೆಟ್ಟಿಗೆಗಳ ಪ್ಲೇಯರನ್ನು ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಬಿಗಿದು ತಂದಿದ್ದ. ಜೊತೆಗೆ ತಾನು ದಿನವೂ ಬಳಸುವ ಅಂಗೈಯಗಲದ ಡ್ಯಾಕ್, ಅಂದರೆ ಫೈಲಿನೊಳಗಿನ ಅಂಕಿಗಳನ್ನು ಮತ್ತೆ ದನಿಯ ಅಲೆಯಾಗಿಸುವ ಪುಟ್ಟ ಡಬ್ಬಿ. ಎರಡನ್ನೂ ನನ್ನ ಆಂಪ್ಲಿಫೈಯರಿಗೆ ಸಿಕ್ಕಿಸಿ ವೀಣೆಯ ತಾನವೊಂದನ್ನು ಹಾಕಿದ.

“ಮಾವ, ಮೀಟು ಎಷ್ಟು ಬಿಡಿಬಿಡಿಯಾಗಿ ಕೇಳ್ತಿದೆ ನೋಡಿ. ಉಗುರು ತಂತಿಗೆ ತಾಗೋದೂ ಗೊತ್ತಾಗ್ತಿದೆ.”

“ಹೌದಪ್ಪ, ಗೊತ್ತಾಗ್ತಿದೆ. ಆ ಮೀಟರ್ ಕೊಡು ಇಲ್ಲಿ.”

ನೂರು ಹರ್ಟ್ಸಿನ ಟೋನ್ ಹಾಕಿ ಸ್ಪೀಕರಿನ ಟರ್ಮಿನಲ್ಲಿಗೆ ಮಲ್ಟಿಮೀಟರಿನ ಕಡ್ಡಿಗಳನ್ನು ಹಿಡಿದೆ. ಪುಟ್ಟ ಡ್ಯಾಕಿನಲ್ಲಿ ಒಂದು ವೋಲ್ಟ್ ಬರುವಂತೆ ಆಂಪ್ಲಿಫೈಯರಿನ ಗುಬುಟು ತಿರುಗಿಸಿದೆ. ಗುಬುಟು ಮುಟ್ಟದೆ ದೊಡ್ಡದಕ್ಕೆ ಬದಲಿಸಿದಾಗ ಮೀಟರು 1.22 ತೋರಿಸಿತು. ಹತ್ತಿರ ಹತ್ತಿರ 1.7 ಡೆಸಿಬೆಲ್ ಹೆಚ್ಚು. ಅಂದರೆ ಅವನು ಅಷ್ಟು ಹೊತ್ತು ಕೇಳುತ್ತಿದ್ದುದು ಪ್ಲೇಯರಿನ ವ್ಯತ್ಯಾಸವನ್ನೋ ವಾಲ್ಯೂಮಿನ ವ್ಯತ್ಯಾಸವನ್ನೋ ಹೇಳಲು ಬರುವಂತಿರಲಿಲ್ಲ.

ಇಲ್ಲೇ ಇರುವುದು ಇಡೀ ವಿಷಯದ ತಿರುಳು. ಸದ್ದು ಹತ್ತು ಡೆಸಿಬೆಲ್ ಏರಿದರೆ ಜೋರಾಯಿತು ಎಂದು ಯಾರಿಗಾದರೂ ತಿಳಿಯುತ್ತದೆ. ಒಂದೋ ಒಂದೂವರೆಯೋ ಏರಿದರೆ ಅದು ಜೋರು ಎಂದು ಮನಸ್ಸಿಗೆ ಹೊಳೆಯುವುದಿಲ್ಲ, ಚೆನ್ನಾಗಿದೆ ಎಂದು ಹೊಳೆಯುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದಂತೆ, ಸದ್ದು ಕಡಿಮೆಯಿದ್ದಾಗ ಕಿವಿ ಮಂದ್ರದ ದನಿಗಳಿಗೆ ಹೆಚ್ಚು ಕಿವುಡು. ಒಟ್ಟು ಸದ್ದು ಸ್ವಲ್ಪ ಏರಿದರೆ ಮೃದಂಗದ ಎಡಗಡೆಯ ತೊಪ್ಪಿಗೆ ತೂಕ ಬಂದಂತೆ, ಗಾಯಕರು ಒಂದು ಹೆಜ್ಜೆ ಮುಂದೆ ಬಂದಂತೆ, ಮರೆಯಲ್ಲಿದ್ದ ಉಸಿರು ಹೊರಬಂದಂತೆ ಕೇಳುತ್ತದೆ. ವಿಮರ್ಶೆಗಳಲ್ಲಿ ದುಬಾರಿ ಯಂತ್ರಕ್ಕೆ ಸಿಗುವ ಮೆಚ್ಚುಗೆಯ ಮಾತುಗಳೆಲ್ಲ ಇವೇ.

ಪ್ಲೇಯರುಗಳ ಲೆವೆಲ್ ಒಂದೇ ಇರುವುದಿಲ್ಲವೇ ಎಂದರೆ, ಇರುವುದಿಲ್ಲ. 1982ರಲ್ಲಿ ಸೋನಿಯ ಮೊದಲ ಸಿ.ಡಿ. ಪ್ಲೇಯರ್ ಮಾರುಕಟ್ಟೆಗೆ ಬಂದ ಕಾಲದಿಂದ ಎರಡು ವೋಲ್ಟ್ ಔಟ್‌ಪುಟ್ ಎನ್ನುವುದು ಸಂಪ್ರದಾಯವಾಗಿದೆ. ಆದರೆ ಈಗ 2.2, 2.5 ಕೊಡುವವರೂ ಇದ್ದಾರೆ. ಎರಡೂವರೆ ಎಂದರೆ ಎರಡಕ್ಕಿಂತ ಸುಮಾರು ಎರಡು ಡೆಸಿಬೆಲ್ ಹೆಚ್ಚು. ಮೂರು ಪಿನ್ನಿನ ಬ್ಯಾಲೆನ್ಸ್ಡ್ ಔಟ್‌ಪುಟ್ಟಿನಲ್ಲಂತೂ ಸಾಮಾನ್ಯವಾಗಿ ಎರಡರಷ್ಟು ವೋಲ್ಟೇಜ್, ಅಂದರೆ ಆರು ಡೆಸಿಬೆಲ್. ಒಂದನ್ನು ಆರ್‌ಸಿಎ ತಂತಿಯಲ್ಲಿ, ಇನ್ನೊಂದನ್ನು ಬ್ಯಾಲೆನ್ಸ್ಡ್ ತಂತಿಯಲ್ಲಿ ಸಿಕ್ಕಿಸಿ ಹೋಲಿಸಿದರೆ ತೀರ್ಪು ಮೊದಲೇ ಬರೆದಿಟ್ಟಂತೆ.

ನಮ್ಮ ಮನೆಯ ಹೋಲಿಕೆಗೆ ಮತ್ತೆ ಬರುತ್ತೇನೆ. ಆ ದೊಡ್ಡ ಪ್ಲೇಯರಿನ ವಾಲ್ಯೂಮನ್ನು ಹತ್ತನೇ ಒಂದು ಡೆಸಿಬೆಲ್ ಲೆಕ್ಕದಲ್ಲಿ ಇಳಿಸಲು ಬರುತ್ತಿತ್ತು. ಇಳಿಸುತ್ತ ಹೋಗಿ ಮೀಟರು ಎರಡರಲ್ಲೂ 1.00 ತೋರಿಸುವಂತೆ ಮಾಡಿದೆವು. ಹೋಲಿಕೆಗೆ ನೂರಕ್ಕೆ ಒಂದರಷ್ಟು ಹತ್ತಿರವಿದ್ದರೆ ಸಾಕು, ಅದು ಹೆಚ್ಚುಕಡಿಮೆ 0.1 ಡೆಸಿಬೆಲ್. ಅಗ್ಗದ ಮಲ್ಟಿಮೀಟರುಗಳು ಎ.ಸಿ. ವೋಲ್ಟನ್ನು ಸರಿಯಾಗಿ ತೋರಿಸುವುದು ಕರೆಂಟಿನ ಐವತ್ತು ಹರ್ಟ್ಸಿನ ಆಸುಪಾಸಿನಲ್ಲಿ. ಅದಕ್ಕೇ ಒಂದು ಕಿಲೋಹರ್ಟ್ಸ್ ಬಿಟ್ಟು ನೂರು ಹರ್ಟ್ಸಿನ ಟೋನ್ ಬಳಸಿದ್ದು.

ಇನ್ನೊಂದು ತೊಡಕು ನೆನಪಿನದು. ಕೇಳಿದ ದನಿಯ ಸೂಕ್ಷ್ಮ ನೆನಪಿನಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಎದ್ದು ಹೋಗಿ ತಂತಿ ಬಿಚ್ಚಿ ಮತ್ತೆ ಸಿಕ್ಕಿಸಿ ಬಂದು ಕೂರುವಷ್ಟರಲ್ಲಿ ಅದು ಆರಿಹೋಗಿರುತ್ತದೆ, ಉಳಿಯುವುದು ಚೆನ್ನಾಗಿತ್ತು ಎಂಬ ಭಾವನೆ ಮಾತ್ರ. ಆದ್ದರಿಂದ ಎರಡೂ ಪ್ಲೇಯರುಗಳನ್ನು ಒಂದೇ ಆಂಪ್ಲಿಫೈಯರಿನ ಎರಡು ಇನ್‌ಪುಟ್ಟುಗಳಿಗೆ ಸೇರಿಸಿ, ರಿಮೋಟಿನಿಂದ ತಕ್ಷಣ ಬದಲಿಸುವಂತಿರಬೇಕು. ಒಂದು ಪ್ಲೇಯರ್ ಇನ್ನೊಂದಕ್ಕಿಂತ ಅರ್ಧ ಸೆಕೆಂಡು ತಡವಾಗಿ ಹಾಡು ಶುರುಮಾಡಿದರೆ ಆ ತಡದಿಂದಲೇ ಗುರುತು ಸಿಗುತ್ತದೆ. ಅದಕ್ಕೇ ನಾವು ಪ್ರತಿ ಸಲವೂ ತುಣುಕನ್ನು ಮೊದಲಿಂದ ಹಾಕಿಸಿದೆವು.

ಆಂಪ್ಲಿಫೈಯರಿನ ದೀಪಗಳ ಮೇಲೆ ಟವೆಲು ಮುಚ್ಚಿದ್ದಾಯಿತು. ನನ್ನ ಹೆಂಡತಿ ರಿಮೋಟು, ಒಂದು ನಾಣ್ಯ, ಹಾಲಿನ ಲೆಕ್ಕದ ಪುಸ್ತಕ ಹಿಡಿದು ನಮ್ಮ ಬೆನ್ನ ಹಿಂದೆ ಕೂತಳು. ಸಿಂಹ ಬಿದ್ದರೆ ದೊಡ್ಡದು, ಅಂಕಿ ಬಿದ್ದರೆ ಪುಟ್ಟದು. ಬೆನ್ನ ಹಿಂದೆ ಯಾಕೆಂದರೆ ಬದಲಿಸುವವರ ಮುಖ ಕಂಡರೆ ಅದೂ ಸುಳಿವು ಕೊಡುತ್ತದೆ. ನಾವಿಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಉತ್ತರ ಬರೆದೆವು. ಶುರುವಿನಲ್ಲಿ ಹುಡುಗ ಥಟ್ಟನೆ ಬರೆಯುತ್ತಿದ್ದ. ಆಮೇಲಾಮೇಲೆ ಪೆನ್ನು ತಡೆಯಿತು. ಇನ್ನೊಮ್ಮೆ ಹಾಕಿ ಅತ್ತೆ ಎನ್ನತೊಡಗಿದ. ಕೊನೆಗೆ ಪುಸ್ತಕದ ಜೊತೆ ತಾಳೆ ನೋಡಿದಾಗ ಇಬ್ಬರ ಉತ್ತರಗಳೂ ನಾಣ್ಯ ಚಿಮ್ಮಿ ಬರೆದಿದ್ದರೆ ಎಷ್ಟು ಸರಿಯಾಗುತ್ತಿತ್ತೋ ಅಷ್ಟೇ ಸರಿಯಾಗಿದ್ದವು. ಹದಿನಾರು ಸಲದಲ್ಲಿ ಹನ್ನೆರಡು ಸಲವಾದರೂ ಸರಿಯಾದರೆ ಮಾತ್ರ ಅದು ಅದೃಷ್ಟವಲ್ಲ, ಕಿವಿಯ ಕೆಲಸ ಎಂದು ಒಪ್ಪುವುದು ಇಂಥ ಪರೀಕ್ಷೆಗಳ ರೂಢಿ. ಅಕ್ಕನ ಮಗ ಲೆಕ್ಕ ಬಲ್ಲವನು, ಮರುಮಾತಾಡಲಿಲ್ಲ. ಪ್ಲೇಯರ್ ಅಂಗಡಿಗೆ ವಾಪಸಾಯಿತು. ಈಗ ಅವನು ಸ್ಪೀಕರ್ ಹುಡುಕುತ್ತಿದ್ದಾನೆ. ದುಡ್ಡು ಹಾಕಬೇಕಾದ ಜಾಗ ಅದೇ.

ಒಂದು ಮನೆಯ ಪ್ರಯೋಗದಿಂದ ಜಗತ್ತಿಗೆಲ್ಲ ತೀರ್ಪು ಕೊಡಲಾಗದು. ಅಮೆರಿಕದ ಬಾಸ್ಟನ್ನಿನಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಇಂಥದ್ದೇ ಪರೀಕ್ಷೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ 2007ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಉತ್ತಮ ಗುಣಮಟ್ಟದ ಎಸ್‌ಎಸಿಡಿ, ಡಿವಿಡಿ ಆಡಿಯೊ ತಟ್ಟೆಗಳ ದನಿಯನ್ನು ಒಮ್ಮೆ ನೇರವಾಗಿ, ಒಮ್ಮೆ ಸಾಮಾನ್ಯ ಸಿ.ಡಿ.ಯ 16 ಬಿಟ್, 44.1 ಕಿಲೋಹರ್ಟ್ಸಿಗೆ ಇಳಿಸಿ ಕೇಳಿಸಿದರು. 554 ಸಲದಲ್ಲಿ ಸರಿಯುತ್ತರ ಬಂದದ್ದು 276 ಸಲ, ಅರ್ಧಕ್ಕಿಂತ ಕೂದಲೆಳೆ ಕಡಿಮೆ. ಇದಕ್ಕೆ ಎದುರಾಗಿ ನಿಲ್ಲುವ ಕೆಲಸವೂ ಇದೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೈಸ್ 2016ರಲ್ಲಿ ಇಂಥ ಹದಿನೆಂಟು ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ನೂರಕ್ಕೆ 52.3 ಸಲ ಕೇಳುಗರು ಸರಿಯಾಗಿ ಗುರುತಿಸಿದ್ದು ಕಂಡಿತು. ತರಬೇತಿ ಪಡೆದವರು ಇನ್ನೂ ಚೆನ್ನಾಗಿ ಗುರುತಿಸಿದ್ದರು. ಹಾಗಾಗಿ ವ್ಯತ್ಯಾಸ ಸೊನ್ನೆ ಎಂದು ನಾನು ಹೇಳಲಾರೆ. ಆದರೆ ಮುಸುಕು ಸರಿದಂತೆ ಎಂದು ಹೇಳುವಷ್ಟು ದೊಡ್ಡದಾಗಿದ್ದರೆ ಎಲ್ಲರಿಗೂ ಪ್ರತಿ ಸಲವೂ ಕೇಳಬೇಕಿತ್ತಲ್ಲ?

ಯಾರೂ ಏರ್ಪಡಿಸದೆ ನಡೆದ ಪರೀಕ್ಷೆಯೊಂದು ಇನ್ನೂ ಹೆಚ್ಚು ಹೇಳುತ್ತದೆ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಎಲ್.ಪಿ.ಗಳು ಮೂಲ ಟೇಪಿನಿಂದ ನೇರವಾಗಿ, ಡಿಜಿಟಲ್ ಸೋಂಕಿಲ್ಲದೆ ತಯಾರಾಗುತ್ತವೆ ಎಂದು ಪ್ರಪಂಚದ ಆಡಿಯೊ ರಸಿಕರು ನಂಬಿದ್ದರು. ಡಿಜಿಟಲ್ ಬೆರೆತರೆ ತಕ್ಷಣ ಕೇಳಿಸುತ್ತದೆ ಎನ್ನುವವರೇ ಅವನ್ನು ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಿದ್ದರು. 2022ರ ಜುಲೈನಲ್ಲಿ ಅವುಗಳಲ್ಲಿ ಬಹುಪಾಲಿಗೆ ನಡುವೆ ಒಂದು ಡಿಜಿಟಲ್ ಹಂತವಿದೆ, ಅದೂ ವರ್ಷಗಳಿಂದ ಇದೆ ಎಂದು ಕಂಪನಿಯ ಎಂಜಿನಿಯರುಗಳೇ ಒಪ್ಪಿಕೊಂಡರು. ಅಲ್ಲಿಯತನಕ ಆ ರಸಿಕರಿಗೆ ಅದು ಕೇಳಿಸಿರಲಿಲ್ಲ. ಅವರ ಕಿವಿ ಮಂದ ಎಂದು ಇದರರ್ಥವಲ್ಲ. ಚೆನ್ನಾಗಿ ಮಾಡಿದ ಡಿಜಿಟಲ್ ಹಂತ ಕಿವಿಗೆ ಸಿಗುವ ಗುರುತು ಬಿಡುವುದಿಲ್ಲ ಎಂದಷ್ಟೇ.

ನಮ್ಮ ಮನೆಗಳ ವಾಸ್ತವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರಾತ್ರಿ ಹತ್ತರ ಮೇಲೆ, ಫ್ಯಾನು ಆರಿಸಿ, ಕಿಟಕಿ ಮುಚ್ಚಿದರೂ ಊರಿನ ಕೋಣೆಯಲ್ಲಿ ಮೂವತ್ತು ಮೂವತ್ತೈದು ಡೆಸಿಬೆಲ್ ಸದ್ದು ಇದ್ದೇ ಇರುತ್ತದೆ. ಕೂತಲ್ಲಿಗೆ ಸಂಗೀತದ ಅತಿ ಜೋರಾದ ಕ್ಷಣ ತೊಂಬತ್ತೈದು ಡೆಸಿಬೆಲ್ ಎಂದಿಟ್ಟುಕೊಳ್ಳಿ, ಪಕ್ಕದ ಮನೆಯವರು ಬಾಗಿಲು ತಟ್ಟುವ ಮಟ್ಟ ಅದು. ನಡುವೆ ಸಿಗುವುದು ಅರವತ್ತು ಡೆಸಿಬೆಲ್. ಮಾಮೂಲಿ ಸಿ.ಡಿ.ಗೇ ತೊಂಬತ್ತಾರರ ಹರವಿದೆ. ಚೀನಾದಲ್ಲಿ ತಯಾರಾಗುವ, ಹತ್ತು ಹದಿನೈದು ಸಾವಿರಕ್ಕೆ ಸಿಗುವ ಡ್ಯಾಕುಗಳು ಅದನ್ನೂ ಮೀರಿ ಸ್ವಚ್ಛ. ಯಂತ್ರದ ಹಾಳೆಯಲ್ಲಿ ನೂರಿಪ್ಪತ್ತು, ನೂರಮೂವತ್ತು ಎಂದು ಬರೆದಿರುವುದು ಸುಳ್ಳಲ್ಲ, ಆದರೆ ಅದನ್ನು ಕೇಳಲು ಬೇಕಾದ ನಿಶ್ಶಬ್ದ ನಮ್ಮ ಬೀದಿಗಳಲ್ಲಿಲ್ಲ.

ಪ್ಲೇಯರ್ ಪ್ಲೇಯರಿಗೆ ನಿಜವಾಗಿ ಕೇಳುವ ವ್ಯತ್ಯಾಸಗಳೂ ಇವೆ, ಅವಕ್ಕೆ ಕಾರಣವೂ ಗೊತ್ತಿದೆ. ಕೆಲವು ಪೋರ್ಟಬಲ್ ಪ್ಲೇಯರುಗಳ ಹೆಡ್‌ಫೋನ್ ಕಿಂಡಿಯ ಇಂಪೆಡೆನ್ಸ್ ಹೆಚ್ಚಿರುತ್ತದೆ. ಹಲವು ಡ್ರೈವರುಗಳಿರುವ ಇಯರ್‌ಫೋನ್ ಸಿಕ್ಕಿಸಿದರೆ ಕೆಲವು ಸ್ವರಗಳು ಏರಿ ಕೆಲವು ಇಳಿಯುತ್ತವೆ. ಸೂಕ್ಷ್ಮ ಇಯರ್‌ಫೋನಿನಲ್ಲಿ ಹಿನ್ನೆಲೆಯ ಸುಯ್ ಸದ್ದೂ ಕೇಳಬಹುದು. ಓವರ್‌ಸ್ಯಾಂಪ್ಲಿಂಗ್ ಇಲ್ಲದ ಡ್ಯಾಕುಗಳಲ್ಲಿ ಸಿ.ಡಿ. ಹಾಕಿದರೆ ಇಪ್ಪತ್ತು ಕಿಲೋಹರ್ಟ್ಸಿನ ಹೊತ್ತಿಗೆ ಮೂರು ಡೆಸಿಬೆಲ್ ಇಳಿದಿರುತ್ತದೆ, ಹದಿಹರೆಯದ ಕಿವಿಗೆ ಅದು ತಿಳಿಯಬಹುದು. ವಾಲ್ವ್ ಇರುವ ಪ್ಲೇಯರ್ ತನ್ನದೇ ಬಣ್ಣ ಸೇರಿಸುತ್ತದೆ. ನಮ್ಮಲ್ಲಿ ಬಹಳ ಮನೆಗಳ ತೊಂದರೆಯೆಂದರೆ ಅರ್ಥಿಂಗ್. ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದೊಡನೆ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ, ಅದು ಪ್ಲೇಯರಿನ ದೋಷವೆಂದು ಜನ ಹೊಸದನ್ನು ಕೊಳ್ಳುತ್ತಾರೆ. ಒಳ್ಳೆಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ತೋರಿಸಿ.

ಇಷ್ಟೆಲ್ಲ ಆದಮೇಲೂ ಮನೆಯಲ್ಲಿ ದನಿಯನ್ನು ಅತಿ ಹೆಚ್ಚು ಬದಲಿಸುವುದು ಕೋಣೆ. ಹನ್ನೆರಡಡಿ ಉದ್ದದ ಕೋಣೆ ನಲವತ್ತೇಳು ಹರ್ಟ್ಸಿನ ಹತ್ತಿರ ತಾನೇ ಗುಡುಗುತ್ತದೆ. ಕುರ್ಚಿಯನ್ನು ಒಂದೆರಡಡಿ ಹಿಂದೆ ಸರಿಸಿದರೆ ಅದೇ ಸ್ವರ ಐದಾರು ಡೆಸಿಬೆಲ್ ಏರಬಹುದು, ಇಳಿಯಬಹುದು. ಯಾವ ಪ್ಲೇಯರೂ ಅಷ್ಟು ಬದಲಾವಣೆ ತರಲಾರದು. ಈಗಿನ ಫ್ಲ್ಯಾಟುಗಳಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಎದುರಿಗೆ ಗಾಜಿನ ಜಾರುಬಾಗಿಲು, ಬರಿಯ ಗೋಡೆ. ಅಲ್ಲಿ ಚಪ್ಪಾಳೆ ತಟ್ಟಿದರೆ ಜಿಂಜಿಂ ಎಂದು ಮಾರ್ದನಿಸುತ್ತದೆ. ನಮ್ಮ ಹಾಲಿನ ಕೆಂಪು ಗಾರೆ ನೆಲಕ್ಕೆ ಒಂದು ದಪ್ಪ ನವಲಗುಂದದ ಜಮಖಾನ ಹಾಸಿ, ಸ್ಪೀಕರುಗಳ ಎದುರು ಗೋಡೆಗೆ ಪುಸ್ತಕದ ಕಪಾಟು ತಂದು ನಿಲ್ಲಿಸಿದ ದಿನ ತಂಬೂರಿಯ ಜವಾರಿ ಎಳೆ ಎಳೆಯಾಗಿ ಕೇಳಿತು. ಇದನ್ನು ಪರೀಕ್ಷಿಸಲು ನಾಣ್ಯ ಬೇಕಾಗಲಿಲ್ಲ, ಅಡುಗೆಮನೆಯಲ್ಲಿದ್ದ ಹೆಂಡತಿ ಅಲ್ಲಿಂದಲೇ ಏನು ಮಾಡಿದಿರಿ ಎಂದು ಕೇಳಿದಳು.

ಕೋಣೆಯ ನಂತರ ಬರುವುದು ಧ್ವನಿಮುದ್ರಣ. ಇದರ ಬಗ್ಗೆ ಹೇಳುವಾಗ ನನಗೆ ಸಂಕಟವಾಗುತ್ತದೆ. ನಮ್ಮ ಹಿರಿಯ ಗಾಯಕರ ಹಳೆಯ ಧ್ವನಿಮುದ್ರಣಗಳು ಇಂದು ಸ್ಟ್ರೀಮಿಂಗಿನಲ್ಲಿ ಹಲವು ರೂಪಗಳಲ್ಲಿ ಸಿಗುತ್ತವೆ. ಒಂದರಲ್ಲಿ ಸೂಜಿಯ ಕರಕರ ತೆಗೆಯಲು ಹೋಗಿ ತಂಬೂರಿಯನ್ನೇ ಅಳಿಸಿರುತ್ತಾರೆ. ಇನ್ನೊಂದರಲ್ಲಿ ಎಪ್ಪತ್ತೆಂಟರ ತಟ್ಟೆಯನ್ನು ತಪ್ಪು ವೇಗದಲ್ಲಿ ತಿರುಗಿಸಿ ಶ್ರುತಿ ಅರ್ಧ ಮನೆ ಏರಿರುತ್ತದೆ. ಮತ್ತೊಂದರಲ್ಲಿ ಪಿಸುಮಾತು, ತಾರಸ್ಥಾಯಿ ಎರಡೂ ಒಂದೇ ಎತ್ತರಕ್ಕೆ ಬರುವಂತೆ ಹಿಂಡಿರುತ್ತಾರೆ. ಹಳೆಯ ಕನ್ನಡ ಚಿತ್ರಗೀತೆಗಳಿಗೂ ಇದೇ ಗತಿ. ಒಂದೇ ಹಾಡಿನ ಎರಡು ಬಿಡುಗಡೆಗಳ ನಡುವಿನ ಅಂತರ ಯಾವ ಮೀಟರೂ ಇಲ್ಲದೆ ಮೊದಲ ಸಾಲಿಗೇ ಗೊತ್ತಾಗುತ್ತದೆ. ಹಾಡಿನ ಒಳ್ಳೆಯ ಪ್ರತಿ ಯಾವುದೆಂದು ಹುಡುಕುವುದರಲ್ಲಿ, ಅಜ್ಜನ ಕಪಾಟಿನ ಎಲ್.ಪಿ.ಯನ್ನೋ ಸ್ಪೂಲನ್ನೋ ಸರಿಯಾದ ವೇಗದಲ್ಲಿ ಡಿಜಿಟಲ್ ಮಾಡಿಸುವುದರಲ್ಲಿ ಕಳೆದ ಹೊತ್ತು ವ್ಯರ್ಥವಾಗದು. ಪ್ಲೇಯರಿಗೆಂದು ಕೂಡಿಟ್ಟ ದುಡ್ಡಿನಲ್ಲಿ ಸ್ವಲ್ಪ ಇದಕ್ಕೆ ಹೋಗಲಿ.

ಅಂಗಡಿಯವರಲ್ಲೂ ಒಂದು ಕೇಳಿಕೆ ಇದೆ. ನಿಮ್ಮ ಡೆಮೊ ಕೋಣೆಯಲ್ಲಿ ಒಂದು ಮಲ್ಟಿಮೀಟರ್, ಒಂದು ಸೆಲೆಕ್ಟರ್ ಬಾಕ್ಸ್ ಇಡಿ. ಗಿರಾಕಿ ಕೇಳುವ ಮೊದಲೇ ಲೆವೆಲ್ ಸರಿಮಾಡಿ ತೋರಿಸಿ. ವಾರದ ಮಟ್ಟಿಗೆ ಮನೆಗೆ ಕೊಟ್ಟು ಕಳಿಸಿ, ಬೇಡವೆಂದರೆ ಮುಖ ಸಿಂಡರಿಸದೆ ವಾಪಸು ತೆಗೆದುಕೊಳ್ಳಿ. ವಿಮರ್ಶೆ ಬರೆಯುವವರು, ವಿಡಿಯೊ ಮಾಡುವವರು ಎರಡು ಯಂತ್ರಗಳನ್ನು ಎಷ್ಟು ವೋಲ್ಟಿನಲ್ಲಿ ಹೋಲಿಸಿದಿರಿ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ಅದನ್ನು ಹೇಳದ ವಿಮರ್ಶೆಯನ್ನು ನಂಬಿ ಯಾರೂ ಸಾಲ ಮಾಡಬಾರದು.

ಕೊಳ್ಳುವವರಿಗೆ ಬೇಕಾದದ್ದು ಹೆಚ್ಚೇನಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಐನೂರು ರೂಪಾಯಿ ಆಸುಪಾಸಿಗೆ ಮಲ್ಟಿಮೀಟರ್ ಸಿಗುತ್ತದೆ, ಟೋನಿನ ಫೈಲು ಉಚಿತ, ನಾಣ್ಯ ಎಲ್ಲರ ಮನೆಯಲ್ಲೂ ಇದೆ. ಅಂಗಡಿಯಲ್ಲಿ ಪ್ಲೇಯರ್ ಕೇಳುವ ಮೊದಲು ಮೀಟರ್ ಹಿಡಿದು ಲೆವೆಲ್ ನೋಡಲು ಬಿಡುತ್ತೀರಾ ಎಂದು ಕೇಳಿ. ಬಿಡುವುದಿಲ್ಲ ಎಂದರೆ ಬೇರೆ ಅಂಗಡಿಗೆ ಹೋಗಿ.